ಉದ್ದ, ಗಿಡ್ಡ, ಉದ್ದ, ಗಿಡ್ಡ

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಹುಮ್ಮಸ್ಸಿನಲ್ಲಿ ಬರೆದುಕೊಟ್ಟ ವಿಷಯ: ಸೆಮಿಕಂಡಕ್ಟರ್ ಲೇಸರಿನಲ್ಲಿ ಕೇಯಾಸ್, ಅಂದರೆ ನಿಯಮದಂತೆಯೇ ನಡೆದರೂ ಮುಂದೇನೆಂದು ಹೇಳಲಾಗದ ಗಲಾಟೆ. ಮೇಷ್ಟ್ರು ಓದಿ, "ಮೊದಲು ಎಸ್.ಪಿ. ರೋಡಿಗೆ ಹೋಗಿ ಲೇಸರ್ ಡಯೋಡ್ ತಗೊಂಡ್ಬಾ" ಅಂದರು.

ಮೂರು ತಂದೆ. ಮೊದಲನೆಯದು ಬೆಸುಗೆ ಹಾಕುವ ಮುಂಚೆಯೇ ಸತ್ತಿತು. ನನ್ನ ಪಾಲಿಯೆಸ್ಟರ್ ಶರ್ಟಿನ ಸ್ಟ್ಯಾಟಿಕ್ಕೇ ಸಾಕಾಗಿತ್ತು. ಎರಡನೆಯದಕ್ಕೆ ಕರೆಂಟ್ ಜಾಸ್ತಿ ಕೊಟ್ಟೆ. ಮೂರನೆಯದನ್ನು ಮೇಷ್ಟ್ರು ಕಿತ್ತಿಟ್ಟುಕೊಂಡರು.

ಕೊಟ್ಟಿದ್ದರೂ ಏನೂ ಕಾಣುತ್ತಿರಲಿಲ್ಲ ಬಿಡಿ. ಈ ಲೇಸರಿನೊಳಗೆ ಎಲೆಕ್ಟ್ರಾನ್ ತುಂಬಿಕೊಳ್ಳುತ್ತವೆ, ಬೆಳಕು ಉಕ್ಕಿ ಅವನ್ನು ಖಾಲಿ ಮಾಡುತ್ತದೆ, ಬೆಳಕು ಕುಗ್ಗುತ್ತದೆ, ಮತ್ತೆ ತುಂಬುತ್ತವೆ. ಈ ತೂಗಾಟ ಸೆಕೆಂಡಿಗೆ ನೂರಾರು ಕೋಟಿ ಸಲ. ನಮ್ಮ ಲ್ಯಾಬಿನಲ್ಲಿ ಅಲೆಗಳನ್ನು ಪರದೆಯ ಮೇಲೆ ತೋರಿಸುವ ಸಿಆರ್‌ಓ 20 ಮೆಗಾಹರ್ಟ್ಸ್‌ನದು, ಅಂದರೆ ಬರೀ ಎರಡು ಕೋಟಿ.

ಸುಮ್ನೆ ಬಿಟ್ಟರೆ ತೂಗಾಟ ಬೇಗ ಅಡಗುತ್ತದೆ. "ಎಲೆಕ್ಟ್ರಾನು, ಬೆಳಕು, ಎರಡೇ ಲೆಕ್ಕ. ಇಬ್ಬರಲ್ಲೇ ಕೇಯಾಸ್ ಹುಟ್ಟಲ್ಲ ಕಣಯ್ಯಾ, ಮೂರನೆಯವನು ಬೇಕು" ಅನ್ನುತ್ತಿದ್ದರು ಮೇಷ್ಟ್ರು. ಆ ಮೂರನೆಯವನು ನಾವು ಏರಿಸಿ ಇಳಿಸುವ ಕರೆಂಟು. ಅದರ ತಾಳ ಲೇಸರಿನ ಸ್ವಂತ ತಾಳಕ್ಕೆ ಹತ್ತಿರವಾದಾಗ ಜಗಳ ಶುರು. ಇಟಲಿಯ ಅರೆಕ್ಕಿ ತಂಡ 1982ರಲ್ಲಿ ಇಂಥದ್ದನ್ನು ಕಂಡದ್ದು ಕಾರ್ಬನ್ ಡೈಆಕ್ಸೈಡ್ ಲೇಸರಿನಲ್ಲಿ. ಅದು ನಿಧಾನದ ಪ್ರಾಣಿ, ನೋಡಲು ಸಿಗುತ್ತದೆ.

ಅದೇ ಆಟವನ್ನು ನಮ್ಮ ಸಿಆರ್‌ಓಗೆ ಕಾಣುವಷ್ಟು ನಿಧಾನವಾಗಿ ಆಡಿಸಲು ನಮಗೆ ಸಿಕ್ಕಿದ್ದು ಒಂದು ಕಾಯಿಲ್, ಒಂದು ರೆಸಿಸ್ಟರ್, ಒಂದು ಸಾದಾ 1ಎನ್4007 ಡಯೋಡ್. ಸಾಲಾಗಿ ಜೋಡಿಸಿ, ಏರಿಳಿಯುವ ಕರೆಂಟ್ ಕೊಡುವ ಸಿಗ್ನಲ್ ಜನರೇಟರಿಗೆ ಹಾಕಿದೆವು. ಮೇಷ್ಟ್ರು ಲೈಟ್ ಆರಿಸಿದರು. ಹಸಿರು ಪರದೆಯ ಮೇಲೆ ಒಂದೇ ಎತ್ತರದ ಗುಡ್ಡಗಳ ಸಾಲು. ಜನರೇಟರಿನ ನಾಬ್ ಕೂದಲೆಳೆಯಷ್ಟು ತಿರುಗಿಸಿದೆ. ಉದ್ದ, ಗಿಡ್ಡ, ಉದ್ದ, ಗಿಡ್ಡ! ಇನ್ನಷ್ಟು ತಿರುಗಿಸಿದರೆ ನಾಲ್ಕು ಬಗೆಯ ಎತ್ತರ. ಆಮೇಲೆ ಎಲ್ಲ ಕಲಸಿಹೋಯಿತು. ಕೆಟ್ಟುಹೋಯಿತೆಂದು ನಾನು ಸ್ವಿಚ್ಚಿಗೆ ಕೈ ಹಾಕಿದೆ. ಮೇಷ್ಟ್ರು ಕೈ ಹಿಡಿದರು. "ಕೆಟ್ಟಿಲ್ಲ, ಇದೇ ಅದು." ಇನ್ನೂ ತಿರುಗಿಸಿದಾಗ ಆ ಗಲಾಟೆಯ ನಡುವೆ ಸ್ವಚ್ಛವಾಗಿ ಮೂರೇ ಎತ್ತರ ನಿಂತವು. ಅವತ್ತು ಕೊನೇ ಬಸ್ಸು ತಪ್ಪಿತು.

ಲೇಸರಿನ ಸಮೀಕರಣಗಳನ್ನು ಕಂಪ್ಯೂಟರಿಗೆ ಹಾಕಿದಾಗಲೂ ಇದೇ ದಾರಿ ಬಂತು. ಸಂತೋಷವಾಯಿತು ನಿಜ, ಆದರೆ ಪರದೆಯ ಮೇಲೆ ಕಂಡ ಖುಷಿ ಅಲ್ಲ.

ವೈವಾಕ್ಕೆ ಹೊರಗಿನಿಂದ ಬಂದವರು ಎಲ್ಲ ನೋಡಿ, "ಇದರಲ್ಲಿ ಲೇಸರ್ ಎಲ್ಲಪ್ಪಾ?" ಅಂದರು. ನನಗೆ ಬಾಯಿ ಒಣಗಿತು. ಮೇಷ್ಟ್ರು ಡ್ರಾಯರ್ ಎಳೆದು ಆ ಮೂರನೇ ಡಯೋಡನ್ನು ಮೇಜಿನ ಮೇಲಿಟ್ಟರು.

"ಇಲ್ಲಿದೆ ಸಾರ್. ಇವನ ಕೈಗೆ ಸಿಗಬಾರದು ಅಂತ ಇಟ್ಟಿದ್ದೆ."