142 ಮ್ಯಾಚ್, ಎರಡೇ ಗೋಲು: ಆ ಥುರಾಮ್‌ನಲ್ಲಿ ಅಂಥದ್ದೇನಿದೆ?

ಫುಟ್‌ಬಾಲ್ ಮಾತು ಬಂದಾಗಲೆಲ್ಲ ನಾನು ಫ್ರಾನ್ಸಿನ ಡಿಫೆಂಡರ್ ಲಿಲಿಯನ್ ಥುರಾಮ್ ಹೆಸರು ಎತ್ತುತ್ತೇನೆ. ಎತ್ತಿದ ಕೂಡಲೇ ಯಾರಾದರೂ ಫೋನ್ ತೆಗೆದು ನೋಡಿ, "ಅಣ್ಣಾ, ಫ್ರಾನ್ಸ್‌ಗೆ 142 ಮ್ಯಾಚ್ ಆಡಿ ಎರಡೇ ಗೋಲ್ ಹೊಡ್ದಿದಾನೆ. ಅದೂ ಒಂದೇ ದಿನ. ಲಾಟರಿ ಹೊಡೆದ ಹಾಗಲ್ವಾ? ಇವನನ್ನ ಜಿದಾನ್ ಪಕ್ಕ ಯಾಕೆ ಕೂರಿಸ್ತೀರಾ?" ಅಂತ ಕೇಳುತ್ತಾರೆ. ಪ್ರತಿ ಸಲ ಬಾಯಲ್ಲೇ ಉತ್ತರ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಆ "ಒಂದೇ ದಿನ"ದ ಕಥೆ. 1998ರ ಜುಲೈ 8, ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್ ಮೈದಾನ, ವಿಶ್ವಕಪ್ ಸೆಮಿಫೈನಲ್. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಎದುರಾಳಿ ಕ್ರೊವೇಷಿಯಾ. ಸ್ವತಂತ್ರ ದೇಶವಾಗಿ ಅದು ಆಡುತ್ತಿದ್ದ ಮೊದಲ ವಿಶ್ವಕಪ್. ಆದರೂ ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಗೆ 3-0 ಬಾರಿಸಿ ಬಂದಿತ್ತು. ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧ ಶುರುವಾಗಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಅಸಾನೊವಿಚ್ ಕೊಟ್ಟ ಪಾಸ್ ಹಿಡಿದು ಕ್ರೊವೇಷಿಯಾದ ಶೂಕರ್ ಗೋಲು ಹೊಡೆದ. ಅದನ್ನು ರೀಪ್ಲೇಯಲ್ಲಿ ನೋಡಿ. ಫ್ರಾನ್ಸಿನ ಉಳಿದ ಡಿಫೆಂಡರ್‌ಗಳು ಮುಂದೆ ಬಂದಿದ್ದಾರೆ, ಒಬ್ಬ ಮಾತ್ರ ಹಿಂದೆ ಉಳಿದಿದ್ದಾನೆ. ಪಾಸ್ ಕೊಡುವ ಹೊತ್ತಿಗೆ ಕೊನೆಯ ಡಿಫೆಂಡರ್‌ಗಿಂತ ಮುಂದಿದ್ದರೆ ಆಫ್‌ಸೈಡ್, ಗೋಲು ಲೆಕ್ಕಕ್ಕಿಲ್ಲ. ಅವನಿಂದಾಗಿ ಶೂಕರ್ ಆಫ್‌ಸೈಡ್ ಆಗಲಿಲ್ಲ. ಆ ಒಬ್ಬ ಥುರಾಮ್.

ಒಂದೇ ನಿಮಿಷ. ಕ್ರೊವೇಷಿಯಾದ ನಾಯಕ ಬೊಬಾನ್ ತನ್ನದೇ ಪೆನಾಲ್ಟಿ ಬಾಕ್ಸ್ ಹತ್ತಿರ ಚೆಂಡು ಇಟ್ಟುಕೊಂಡು ಕೊಂಚ ತಡ ಮಾಡಿದ. ರೈಟ್ ಬ್ಯಾಕ್, ಅಂದರೆ ಬಲಬದಿಯ ಡಿಫೆಂಡರ್ ಆಡುತ್ತಿದ್ದವನಿಗೆ ಅಲ್ಲಿ ಏನು ಕೆಲಸ? ಆದರೂ ಥುರಾಮ್ ಅಲ್ಲಿದ್ದ. ಬೊಬಾನ್ ಕಾಲಿನಿಂದ ಚೆಂಡು ಕಿತ್ತ. ಅದು ತನ್ನದೇ ತಂಡದ ಜೊರ್ಕೇಫ್‌ಗೆ ಹೋಯಿತು, ಜೊರ್ಕೇಫ್ ಹಾಗೇ ಮುಂದಕ್ಕೆ ತಳ್ಳಿದ. ಥುರಾಮ್ ನಿಲ್ಲದೆ ಓಡಿ ಬಲಗಾಲಲ್ಲಿ ಗೋಲಿಗೆ ಸೇರಿಸಿದ. ನಾಲ್ಕು ವರ್ಷದಲ್ಲಿ ದೇಶಕ್ಕಾಗಿ ಹೊಡೆದ ಮೊದಲ ಗೋಲು.

ಹೆಚ್ಚು ಜನ ಗೋಲನ್ನಷ್ಟೇ ನೋಡುತ್ತಾರೆ. ನಾನು ಅದರ ಹಿಂದಿನ ಎರಡು ಸೆಕೆಂಡ್ ನೋಡು ಅನ್ನುತ್ತೇನೆ. ಅಲ್ಲಿರುವುದು ಟ್ಯಾಕಲ್. ಎದುರಾಳಿ ಯಾವಾಗ ಎಡವುತ್ತಾನೆ ಅಂತ ಕಾದು, ಸರಿಯಾದ ಹೊತ್ತಿಗೆ ಕಾಲು ಹಾಕುವುದು. ಡಿಫೆಂಡರ್‌ನ ದಿನದ ಕೆಲಸವೇ ಅದು. ಆವತ್ತು ಅದನ್ನು ಮೈದಾನದ ಆ ತುದಿಯಲ್ಲಿ ಮಾಡಿದ, ಅಷ್ಟೇ ವ್ಯತ್ಯಾಸ.

ಎರಡನೆಯದು 70ನೇ ನಿಮಿಷದ ಹೊತ್ತಿಗೆ. ಬಲಬದಿಯಲ್ಲಿ ಚೆಂಡಿಗಾಗಿ ಗುದ್ದಾಡಿ, ಗೆದ್ದು, ಬಾಕ್ಸ್ ಹೊರಗಿನಿಂದಲೇ ಎಡಗಾಲಲ್ಲಿ ಬೀಸಿದ. ಬಲಗಾಲಿನ ಆಟಗಾರ ಸ್ವಾಮೀ ಇವನು! ಚೆಂಡು ಆಚೆ ಕಂಬದ ಪಕ್ಕ ಒಳಗೆ ಹೋಯಿತು. ಆಮೇಲೆ ಅವನು ಮಾಡಿದ್ದು ಎಲ್ಲರಿಗೂ ನೆನಪಿದೆ. ಮಂಡಿಯೂರಿ ಕೂತ, ತುಟಿ ಮೇಲೆ ಬೆರಳಿಟ್ಟ, ಏನೋ ಲೆಕ್ಕ ತಪ್ಪಿದೆ ಅನ್ನುವಂತೆ ಯೋಚಿಸುತ್ತ ಉಳಿದ. ಕುಣಿಯಲಿಲ್ಲ, ಕೂಗಲಿಲ್ಲ. ಫ್ರಾನ್ಸ್ 2-1ರಿಂದ ಗೆದ್ದಿತು. ನಾಲ್ಕು ದಿನ ಬಿಟ್ಟು ಬ್ರೆಜಿಲ್ ವಿರುದ್ಧ 3-0. ಫೈನಲ್‌ನಲ್ಲಿ ತಲೆಯಿಂದ ಎರಡು ಗೋಲು ಹೊಡೆದ ಜಿದಾನ್ ಮುಖ ಪ್ಯಾರಿಸ್ಸಿನ ವಿಜಯದ್ವಾರದ ಮೇಲೆ ಬೆಳಗಿತು. ಅದು ಸರಿಯೇ. ಆದರೆ ಟೂರ್ನಿಯ ಉತ್ತಮ ಆಟಗಾರರ ಪಟ್ಟಿ ತೆಗೆದು ನೋಡಿ. ಬ್ರೆಜಿಲ್‌ನ ರೊನಾಲ್ಡೊ, ಶೂಕರ್, ಮೂರನೆಯವನು ಥುರಾಮ್.

ಇನ್ನೊಂದು ಲೆಕ್ಕ ಯಾರೂ ಹೇಳಲ್ಲ. ಆ ವಿಶ್ವಕಪ್‌ನ ಏಳು ಪಂದ್ಯಗಳಲ್ಲಿ ಫ್ರಾನ್ಸ್ ಬಿಟ್ಟುಕೊಟ್ಟ ಗೋಲು ಎರಡೇ. ಒಂದು ಡೆನ್ಮಾರ್ಕ್‌ನ ಪೆನಾಲ್ಟಿ, ಇನ್ನೊಂದು ಶೂಕರ್‌ದು. ಡಿಫೆನ್ಸ್‌ನಲ್ಲಿ ಥುರಾಮ್, ಬ್ಲಾಂ, ದೆಸಾಯಿ, ಲಿಜರಾಜು, ಹಿಂದೆ ಗೋಲಿ (ಗೋಲ್‌ಕೀಪರ್) ಬಾರ್ತೇಜ್. ಡಿಫೆಂಡರ್‌ಗೆ ಎಷ್ಟು ಗೋಲು ಹೊಡೆದೆ ಅಂತ ಕೇಳುವುದು, ವಿಕೆಟ್‌ಕೀಪರ್‌ಗೆ ಎಷ್ಟು ವಿಕೆಟ್ ಬೌಲಿಂಗ್‌ನಲ್ಲಿ ತೆಗೆದೆ ಅಂತ ಕೇಳಿದ ಹಾಗೆ.

ಹಾಗಾದರೆ ಇವನು ಎಲ್ಲಿಂದ ಬಂದ? 1972ರ ಜನವರಿ 1ರಂದು ಕೆರಿಬಿಯನ್ ಸಮುದ್ರದ ಗ್ವಾದಲೂಪ್ ದ್ವೀಪದಲ್ಲಿ ಹುಟ್ಟಿದ. ಅದು ಫ್ರಾನ್ಸಿಗೇ ಸೇರಿದ ಜಾಗ. ಅಮ್ಮ ಒಬ್ಬಳೇ ದುಡಿದು ಮಕ್ಕಳನ್ನು ಸಾಕಿದಳು. ಒಂಬತ್ತನೇ ವಯಸ್ಸಿಗೆ ಪ್ಯಾರಿಸ್ ಕಡೆಗೆ ಬಂದ. ಶಾಲೆಯಲ್ಲಿ ಹುಡುಗರು ಟಿವಿ ಕಾರ್ಟೂನೊಂದರ ಕಪ್ಪು ಹಸುವಿನ ಹೆಸರಿಟ್ಟು ಅವನನ್ನು ಕರೆಯುತ್ತಿದ್ದರಂತೆ. ಆ ಕಾರ್ಟೂನಿನಲ್ಲಿ ಕಪ್ಪು ಹಸು ದಡ್ಡಿ, ಬಿಳಿ ಹಸು ಜಾಣೆ. ಇದನ್ನು ಅವನು ಆಮೇಲೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಆ ವಿಷಯಕ್ಕೆ ಮತ್ತೆ ಬರ್ತೀನಿ.

ಮೊನಾಕೊ ಕ್ಲಬ್‌ನಲ್ಲಿ ಕೋಚ್ ಆರ್ಸೆನ್ ವೆಂಗರ್ ಕೈಕೆಳಗೆ ಪಳಗಿದ. 1994ರ ಆಗಸ್ಟ್ 17ರಂದು ಜೆಕ್ ಗಣರಾಜ್ಯದ ವಿರುದ್ಧ ಫ್ರಾನ್ಸ್ ಅಂಗಿ ತೊಟ್ಟ. ಜಿದಾನ್‌ಗೂ ಅದೇ ಮೊದಲ ಪಂದ್ಯ! ಜಿದಾನ್ ತಡವಾಗಿ ಇಳಿದು ಎರಡು ಗೋಲು ಹೊಡೆದು ಸುದ್ದಿಯಾದ. ಥುರಾಮ್ ಬಗ್ಗೆ ಯಾರು ಬರೀತಾರೆ?

1996ರಲ್ಲಿ ಇಟಲಿಯ ಪಾರ್ಮಾ ಕ್ಲಬ್‌ಗೆ ಹೋದ. ನನಗೆ ಅವನ ಆಟದಲ್ಲಿ ಜಾಸ್ತಿ ಇಷ್ಟವಾದ ಕಾಲ ಅದೇ. ಪಾರ್ಮಾ ಸಣ್ಣ ಊರು, ಹಾಲಿನ ಕಂಪನಿಯ ದುಡ್ಡು, ಆದರೆ ಗೋಲಿನಲ್ಲಿ ಬುಫಾನ್, ಅವನ ಮುಂದೆ ಕನ್ನವಾರೊ ಮತ್ತು ಥುರಾಮ್. ಮೊದಲ ವರ್ಷವೇ ಇಟಲಿ ಲೀಗ್‌ನಲ್ಲಿ ಯುವೆಂಟಸ್‌ಗಿಂತ ಎರಡೇ ಪಾಯಿಂಟ್ ಹಿಂದೆ ಎರಡನೇ ಸ್ಥಾನ. 1999ರಲ್ಲಿ ಮಾಸ್ಕೋದಲ್ಲಿ ಮಾರ್ಸೇ ತಂಡವನ್ನು 3-0 ಸೋಲಿಸಿ ಯುರೋಪಿನ ಕ್ಲಬ್‌ಗಳ ಯುಇಎಫ್ಎ ಕಪ್, ಅದೇ ವರ್ಷ ಇಟಲಿ ಕಪ್. ದೇಶಕ್ಕೆ ರೈಟ್ ಬ್ಯಾಕ್ ಆಡುತ್ತಿದ್ದವನು ಅಲ್ಲಿ ಹೆಚ್ಚಾಗಿ ಸ್ಟಾಪರ್, ಅಂದರೆ ಮಧ್ಯದ ಡಿಫೆಂಡರ್. ಅವನಿಗೂ ಮಧ್ಯದಲ್ಲಿ ಆಡುವುದೇ ಇಷ್ಟವಿತ್ತು. ಫ್ರಾನ್ಸಿನಲ್ಲಿ ಬ್ಲಾಂ, ದೆಸಾಯಿ ಇದ್ದರಲ್ಲ, ಜಾಗ ಎಲ್ಲಿ? ಬಲಬದಿಗೆ ಹೋಗು ಅಂದರು, ಹೋದ. ಹೋಗಿ ಆ ಜಾಗದಲ್ಲಿ ಜಗತ್ತಿಗೇ ಮೊದಲಿಗನಾದ.

2000ರ ಯೂರೋ ಕಪ್ಪೂ ಗೆದ್ದ. 2001ರಲ್ಲಿ ಬುಫಾನ್ ಜೊತೆಗೇ ಯುವೆಂಟಸ್ ಸೇರಿದ. ಲೀಗ್ ಗೆದ್ದ, 2003ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮಿಲಾನ್‌ಗೆ ಪೆನಾಲ್ಟಿಯಲ್ಲಿ ಸೋತ. ಕೊನೆಗೆ ಬಾರ್ಸಿಲೋನಾ, ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 2008ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ಸೇರುವ ಮಾತಾಗಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಹೃದಯದಲ್ಲಿ ತೊಂದರೆ ಕಂಡಿತು. ಅಲ್ಲಿಗೆ ಆಟ ನಿಲ್ಲಿಸಿದ. ಫ್ರಾನ್ಸ್ ಪುರುಷರ ತಂಡದಲ್ಲಿ ಅವನ 142 ಪಂದ್ಯಗಳ ದಾಖಲೆ 2022ರವರೆಗೆ ಉಳಿಯಿತು. ಮುರಿದದ್ದು ಗೋಲಿ ಲೋರಿಸ್.

ಇನ್ನು ಆ ಹಸುವಿನ ವಿಷಯ. ನಿವೃತ್ತಿಯಾದ ವರ್ಷವೇ ಥುರಾಮ್ ಜನಾಂಗೀಯ ದ್ವೇಷದ ವಿರುದ್ಧ ಮಕ್ಕಳಿಗೆ ತಿಳಿಹೇಳಲು ತನ್ನ ಹೆಸರಿನಲ್ಲೇ ಸಂಸ್ಥೆ ಕಟ್ಟಿದ. ಇದು ಆಟ ಮುಗಿದ ಮೇಲೆ ಹುಟ್ಟಿದ ಹವ್ಯಾಸ ಅಂದುಕೊಳ್ಳಬೇಡಿ. 2005ರಲ್ಲಿ ಪ್ಯಾರಿಸ್ ಹೊರವಲಯದ ಹುಡುಗರನ್ನು ಆಗಿನ ಗೃಹಮಂತ್ರಿ ಸಾರ್ಕೋಜಿ ಪುಂಡರು ಅಂತ ಕರೆದಾಗ, ನಾನೂ ಅಲ್ಲೇ ಬೆಳೆದವನು ಅಂತ ಬಹಿರಂಗವಾಗಿ ಎದುರು ಮಾತಾಡಿದ. ಮರುವರ್ಷ, ವಾಸವಿದ್ದ ಕಟ್ಟಡದಿಂದ ಪೊಲೀಸರು ಹೊರಹಾಕಿದ್ದ ಜನರನ್ನು ಅವನೂ ತಂಡದ ಜೊತೆಗಾರ ವಿಯೆರಾನೂ ಸೇರಿ ಫ್ರಾನ್ಸ್–ಇಟಲಿ ಪಂದ್ಯಕ್ಕೆ ಕರೆಸಿದರು. ತಂಡದಲ್ಲಿ ಇರುವಾಗಲೇ ಮಾಡಿದ್ದು ಇದು. ನಮ್ಮ ಆಟಗಾರರಲ್ಲಿ ಎಷ್ಟು ಜನ ಮಂತ್ರಿಗೆ ಎದುರಾಡಿದ್ದಾರೆ, ನೀವೇ ಹೇಳಿ.

ಈಗಿನ ಹುಡುಗರಿಗೆ ಅವನು ಮಾರ್ಕಸ್ ಅಪ್ಪ. ಹಿರಿ ಮಗ ಮಾರ್ಕಸ್ 1997ರಲ್ಲಿ ಪಾರ್ಮಾದಲ್ಲೇ ಹುಟ್ಟಿದವನು, 2023ರಲ್ಲಿ ಇಂಟರ್ ಮಿಲಾನ್ ಸೇರಿದ. ಕಿರಿಯವನು ಕೆಫ್ರೆನ್, ಮರುವರ್ಷ ಅಪ್ಪನ ಯುವೆಂಟಸ್‌ಗೇ ಬಂದ. ಹಿರಿಯವನಿಗೆ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯ ಹೆಸರು, ಕಿರಿಯವನಿಗೆ ಈಜಿಪ್ಟಿನ ಫೇರೋ ಹೆಸರು. ಹಿರಿಯವನು ಸ್ಟ್ರೈಕರ್, ಕಿರಿಯವನು ಮಿಡ್‌ಫೀಲ್ಡರ್. ಮನೆಯಲ್ಲಿ ಒಬ್ಬನೂ ಡಿಫೆಂಡರ್ ಆಗಲಿಲ್ಲ ನೋಡಿ!

ಇಷ್ಟು ಓದಿದ ಮೇಲೂ ನಂಬಿಕೆ ಬರದಿದ್ದರೆ 1998 ಬಿಡಿ. 2006ರ ಸೆಮಿಫೈನಲ್ ಹಾಕಿ, ಫ್ರಾನ್ಸ್–ಪೋರ್ಚುಗಲ್. ಒಮ್ಮೆ ದೇಶದ ತಂಡ ಬಿಟ್ಟು, ಜಿದಾನ್ ಮತ್ತು ಮಕೆಲೆಲೆ ಜೊತೆ ವಾಪಸ್ ಬಂದಿದ್ದ ಥುರಾಮ್‌ಗೆ ಆಗ 34 ವರ್ಷ. ಈಗ ಅವನು ಮಧ್ಯದಲ್ಲಿ, ತನಗಿಷ್ಟದ ಜಾಗದಲ್ಲಿ. 33ನೇ ನಿಮಿಷಕ್ಕೆ ಜಿದಾನ್ ಪೆನಾಲ್ಟಿ ಹೊಡೆದ ಮೇಲೆ ಫ್ರಾನ್ಸ್ ಸುಮಾರು ಒಂದು ಗಂಟೆ ಆ ಒಂದೇ ಗೋಲನ್ನು ಕಾಯಬೇಕಿತ್ತು. ಎದುರಿಗೆ ಫಿಗೊ, 21 ವರ್ಷದ ಕ್ರಿಸ್ಟಿಯಾನೊ ರೊನಾಲ್ಡೊ, ಪೌಲೇಟ. ಚೆಂಡನ್ನು ಬಿಟ್ಟು ಥುರಾಮ್‌ನನ್ನೇ ನೋಡಿ. ಕ್ರಾಸ್ ಬರುವ ಮೊದಲೇ ಅವನು ಎಲ್ಲಿಗೆ ಸರಿಯುತ್ತಾನೆ, ಯಾರ ಹೆಗಲಿಗೆ ಹೆಗಲು ಕೊಡುತ್ತಾನೆ, ಯಾವಾಗ ಸುಮ್ನೆ ನಿಲ್ಲುತ್ತಾನೆ. ಪಂದ್ಯ 1-0ಗೆ ಮುಗಿಯಿತು. ಪಂದ್ಯಶ್ರೇಷ್ಠ ಪ್ರಶಸ್ತಿ ಸಿಕ್ಕಿದ್ದು ಗೋಲು ಹೊಡೆದ ಜಿದಾನ್‌ಗಲ್ಲ, ಥುರಾಮ್‌ಗೆ.