ಎರಡು ಗಂಟೆಗೊಂದ್ಸಲ ಮಗ್ಗುಲು

ಅಪ್ಪಂಗೆ ಲಕ್ವ ಹೊಡೆದು ಯುಗಾದಿಗೆ ಮೂರು ವರ್ಷ ಆಯ್ತು. ಹನುಮಂತನಗರದ ನಮ್ಮನೆ ಹಾಲ್‌ನಲ್ಲಿ ಸೋಫಾ ಇದ್ದ ಜಾಗಕ್ಕೆ ಈಗ ಆಸ್ಪತ್ರೆ ಮಂಚ ಬಂದಿದೆ, ನೋಡೋಕೆ ಬಂದೋರೆಲ್ಲ ಕೇಳೋದು ಒಂದೇ, "ಯಾವಾಗ ಹುಷಾರಾಗ್ತಾರೆ?" ಮೊದಮೊದಲು ನಾನೂ ಡಾಕ್ಟ್ರನ್ನ ಅದೇ ಕೇಳ್ತಿದ್ದೆ. ಈಗ ಬೆಳಗ್ಗೆ ಎದ್ದು ನೋಡೋದು ಬೆನ್ನು ಹೇಗಿದೆ, ಯೂರಿನ್ ಬಣ್ಣ ಹೇಗಿದೆ, ಅಷ್ಟೇ.

ಡಿಸ್ಚಾರ್ಜ್ ದಿನ ಎರಡು ಪುಟ ಮಾತ್ರೆ ಲಿಸ್ಟ್ ಕೊಟ್ಟು ಕಳಿಸಿದ್ರು, ಮಗ್ಗುಲು ಹೇಗೆ ಬದಲಾಯಿಸೋದು ಅಂತ ಯಾರೂ ತೋರಿಸ್ಲಿಲ್ಲ. ಎರಡೇ ವಾರಕ್ಕೆ ಸೊಂಟದ ಕೆಳಗೆ, ಮೂಳೆ ಒತ್ತೋ ಕಡೆ, ರೂಪಾಯಿ ನಾಣ್ಯದಷ್ಟಗಲ ಕೆಂಪಗಾಯ್ತು. ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಉಜ್ಜೋಕೆ ಕೂತ್ರು. ಪುಣ್ಯಕ್ಕೆ ಅವತ್ತೇ ನರ್ಸ್ ಮನೆಗೆ ಬಂದಿದ್ರು, "ಅಯ್ಯೋ ಉಜ್ಬೇಡಿ ಅಮ್ಮ, ಒಳಗೆ ಇನ್ನೂ ಹಾಳಾಗುತ್ತೆ" ಅಂದು ಬೆರಳಲ್ಲಿ ಒತ್ತಿ ಬಿಟ್ಟು ತೋರಿಸಿದ್ರು. ಒತ್ತಿದಾಗ ಬೆಳ್ಳಗಾದ್ರೆ ಪರವಾಗಿಲ್ಲ, ಒತ್ತಿದ್ರೂ ಕೆಂಪು ಹಾಗೇ ಇದ್ರೆ ಬೆಡ್ ಸೋರ್, ಅಂದ್ರೆ ಮಲಗಿದ್ದಲ್ಲೇ ಮಲಗಿ ಆಗೋ ಹುಣ್ಣು, ಶುರುವಾಗಿದೆ ಅಂತ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣೋದೂ ಇಲ್ಲ, ಬಿಸಿ ಇದ್ಯಾ ಗಟ್ಟಿ ಆಗಿದ್ಯಾ ಅಂತ ಮುಟ್ಟಿ ನೋಡ್ಬೇಕು. ಏರ್ ಬೆಡ್ ತಂದ್ವಿ, ಆದ್ರೂ ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸೋದು ತಪ್ಪಿಸೋ ಹಾಗಿಲ್ಲ. ಅಮ್ಮನ ಹಳೇ ಕಾಟನ್ ಸೀರೆ ನಾಲ್ಕು ಮಡಿಕೆ ಮಾಡಿ ಸೊಂಟದಡಿ ಹಾಸಿದ್ದೀವಿ, ಇಬ್ರು ಎರಡು ಕಡೆ ಹಿಡಿದು ಎತ್ತಿ ಸರಿಸೋದು, ಎಳೆದ್ರೆ ಚರ್ಮ ಕಿತ್ತುಬರುತ್ತೆ.

ಮೂಗಿನ ಪೈಪಲ್ಲಿ ರಾಗಿ ಗಂಜಿ ಕೊಡೋದು ಇನ್ನೊಂದು ಕಥೆ, ಬಟ್ಟೇಲಿ ಸೋಸ್ಲಿಲ್ಲ ಅಂದ್ರೆ ಪೈಪ್ ಕಟ್ಕೊಳ್ಳುತ್ತೆ, ಅದೂ ಭಾನುವಾರಾನೇ. ಕೊಟ್ಮೇಲೆ ನೀರು ಬಿಟ್ಟು, ಅರ್ಧ ಗಂಟೆ ತಲೆ ಕಡೆ ಎತ್ತಿಟ್ಟಿರ್ಬೇಕು.

ದುಡ್ಡಿನ ವಿಷ್ಯ ಹೇಳ್ಬಿಡ್ತೀನಿ. ನಮ್ಮ ಇನ್ಶೂರೆನ್ಸ್ ಆಸ್ಪತ್ರೆ ಬಿಲ್‌ಗೇ ಮುಗೀತು, ಅಪ್ಪನ್ನ ನೋಡ್ಕೊಳ್ಳೋ ಅಟೆಂಡರ್ ಸಂಬಳ ಎಲ್ಲಾ ಕೈಯಿಂದಾನೇ. ಅದೂ ಏಜೆನ್ಸಿಯವ್ರು ಐದು ಜನರನ್ನ ಬದಲಾಯಿಸಿದ್ರು, ಪ್ರತಿಯೊಬ್ರಿಗೂ ಸೀರೆ ಪಾಠ ಮೊದಲಿಂದ. ಅಂಗವಿಕಲತೆ ಸರ್ಟಿಫಿಕೇಟ್ ಮಾಡಿಸಿದ್ರೆ, ನಮ್ಮನ್ನೇ ನಂಬಿರೋ ಅಪ್ಪ ಅಮ್ಮನ ಖರ್ಚಿಗೆ ನಮ್ಮ ಇನ್ಕಮ್ ಟ್ಯಾಕ್ಸ್‌ನಲ್ಲಿ, ಹಳೇ ರಿಜೀಮ್ ಆಗಿದ್ರೆ, 75,000, ಅಂಗವಿಕಲತೆ ಶೇಕಡ 80 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 1,25,000 ರೂಪಾಯಿ ಡಿಡಕ್ಷನ್ ಸಿಗುತ್ತೆ. ಎರಡು ವರ್ಷ ನಂಗಿದು ಗೊತ್ತೇ ಇರ್ಲಿಲ್ಲ, ದಡ್ಡ ನಾನು.

ರಾತ್ರಿ ಎರಡು ಗಂಟೆ ಅಲಾರಂಗಿಂತ ಮುಂಚೆ ಅಮ್ಮ ಎದ್ದಿರ್ತಾರೆ. ಅವ್ರಿಗೇ ಬೆನ್ನುನೋವು. ಮೊನ್ನೆ ಬಲವಂತವಾಗಿ ಗಾಂಧಿಬಜಾರ್‌ಗೆ ಕಳಿಸ್ದೆ, ಸುತ್ತಾಡ್ಕೊಂಡು ಬನ್ನಿ ಅಂತ. ಮುಕ್ಕಾಲು ಗಂಟೇಲಿ ವಾಪಸ್, ಕೈಯಲ್ಲಿ ಎರಡು ಮೊಳ ಮಲ್ಲಿಗೆ, ಚಪ್ಪಲಿ ಕೂಡ ಬಿಚ್ಚಿಲ್ಲ, "ಅಪ್ಪನ್ನ ಎಡಕ್ಕೆ ತಿರುಗಿಸಿದ್ಯೇನೋ?"