ಚಾಂಗ್‌ಚುನ್‌ನ ಮೊದಲ ಮೋಟಾರು ಕಾರ್ಖಾನೆ

ಚೀನಾದ ಮೋಟಾರು ಉದ್ಯಮವನ್ನು ಅರಿಯಬೇಕಾದರೆ ಜಿಲಿನ್ ಪ್ರಾಂತ್ಯದ ಚಾಂಗ್‌ಚುನ್‌ನಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಸೋವಿಯತ್ ಒಕ್ಕೂಟದ ನೆರವಿನಿಂದ 1953ರ ಜುಲೈನಲ್ಲಿ ಅಲ್ಲಿ ಶಂಕುಸ್ಥಾಪನೆಯಾದ ಕಾರ್ಖಾನೆಯೇ ಇಂದು ಎಫ್‌ಎಡಬ್ಲ್ಯೂ (ಫಸ್ಟ್ ಆಟೋಮೊಬೈಲ್ ವರ್ಕ್ಸ್) ಎಂದು ಹೆಸರಾಗಿರುವ ಸರ್ಕಾರಿ ಸಮೂಹ.

ಮೂರು ವರ್ಷಗಳ ನಂತರ ಹೊರಬಂದ ಜಿಯೆಫಾಂಗ್ ಸಿಎ10 ಲಾರಿಯು ಸೋವಿಯತ್ತಿನ ಜಿಸ್-150ರ ಮಾದರಿಯದು. ಸುಮಾರು ನಾಲ್ಕು ಟನ್ ಹೊರುತ್ತಿದ್ದ, ಮುಂದಕ್ಕೆ ಚಾಚಿದ ದುಂಡು ಮೂತಿಯ ಆ ಲಾರಿ, ಹೆಚ್ಚೇನೂ ರೂಪ ಬದಲಿಸದೆ 1980ರ ದಶಕದವರೆಗೂ ತಯಾರಾಯಿತು. ಸ್ಪರ್ಧೆಯಿಲ್ಲದ ಯೋಜಿತ ಅರ್ಥವ್ಯವಸ್ಥೆಯಲ್ಲಿ ಸುಧಾರಣೆಯ ಒತ್ತಡ ಎಷ್ಟು ಕಡಿಮೆಯಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತೋರುವುದಿಲ್ಲ. ನಾಯಕರ ಕಾರೆಂದೇ ಖ್ಯಾತವಾದ ಹೊಂಗ್‌ಚಿ 1958ರಲ್ಲಿ ಬಂದಿತು.

ಸಮೂಹದ ಒಡೆತನ ಕೇಂದ್ರ ಸರ್ಕಾರದ್ದು. ಅದರ ಪರವಾಗಿ ಸರ್ಕಾರಿ ಆಸ್ತಿಗಳ ಮೇಲ್ವಿಚಾರಣಾ ಆಯೋಗವು ಹೊಣೆ ನಿರ್ವಹಿಸುತ್ತದೆ. ಹೊಂಗ್‌ಚಿ ಮತ್ತು ಬೆಸ್ಟ್ಯೂನ್ ಸ್ವಂತ ಬ್ರ್ಯಾಂಡ್‌ಗಳಾಗಿದ್ದು, ಲಾರಿಗಳನ್ನು ತಯಾರಿಸುವ ಎಫ್‌ಎಡಬ್ಲ್ಯೂ ಜಿಯೆಫಾಂಗ್ ಶೆನ್‌ಝೆನ್ ಷೇರುಪೇಟೆಯಲ್ಲಿ ನೋಂದಾಯಿತವಾಗಿದೆ. ಟೊಯೋಟಾದೊಂದಿಗೂ ಜಂಟಿ ಉದ್ಯಮವಿದೆ. ಆದರೆ ನನಗೆ ಅತ್ಯಂತ ಮಹತ್ವದ್ದೆನಿಸುವುದು ಫೋಕ್ಸ್‌ವ್ಯಾಗನ್ ಜೊತೆಗಿನ ಪಾಲುದಾರಿಕೆ. 1991ರಲ್ಲಿ ಸ್ಥಾಪನೆಯಾದ ಆ ಕಂಪನಿಯಲ್ಲಿ ಎಫ್‌ಎಡಬ್ಲ್ಯೂ ಪಾಲು ಶೇ. 60, ಚಾಂಗ್‌ಚುನ್‌ನಲ್ಲೇ ವಿದ್ಯುತ್ ಕಾರುಗಳಿಗಾಗಿ ಈಚೆಗೆ ರೂಪುಗೊಂಡ ಆಡಿ ಎಫ್‌ಎಡಬ್ಲ್ಯೂ ಕಂಪನಿಯಲ್ಲಾದರೋ ಜರ್ಮನ್ ಪಕ್ಷದ್ದೇ ಶೇ. 60.